ಅಪ್‌ಡೇಟ್: ರಾಜ್ಯೋತ್ಸವಕ್ಕೆ ನಮ್ಮ ಬೀದಿ ಮುಚ್ಚಲು ಅನುಮತಿ

ನವೆಂಬರ್ 1ಕ್ಕೆ ಬಾವುಟ ಹಾರಿಸಲು ಅರ್ಧ ದಿನ ನಮ್ಮ ಬೀದಿ ಮುಚ್ಚಬೇಕು, ಯಾರನ್ನು ಕೇಳಬೇಕು ಅಂತ ಇಲ್ಲಿ ಕೇಳಿದ್ದೆ. ಕೆಲಸ ಆಯಿತು, ಆದರೆ ಓಡಾಟ ಜಾಸ್ತಿ. ಪೆಂಡಾಲ್‌ಗೆ ಪಾಲಿಕೆ ಒಪ್ಪಿಗೆ, ವಾಹನ ತಡೆಯಲು ಸಂಚಾರ ಪೊಲೀಸರದ್ದು, ಮೈಕ್‌ಗೆ ಠಾಣೆಯಲ್ಲಿ ಇನ್ನೊಂದು ಅರ್ಜಿ. ರಾತ್ರಿ 10ರ ನಂತರ ಮೈಕ್ ಹಾಕುವಂತಿಲ್ಲ.

ರಸ್ತೆ ಪೂರ್ತಿ ಮುಚ್ಚಲು ಬಿಡಲಿಲ್ಲ. ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡಿ ಅಂದರು. ನ್ಯಾಯವೇ ಅಲ್ವಾ? ಗುಂಡಿ ತೋಡಿ ಕಂಬ ನೆಡಬೇಡಿ ಅಂತಲೂ ಹೇಳಿದರು. ಡಬ್ಬಕ್ಕೆ ಮರಳು ತುಂಬಿ ನಿಲ್ಲಿಸಿದೆವು. ಆಗಲೇ ಇರುವ ಗುಂಡಿಗಳ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ!

ಕನ್ನಡದ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿ ಅವರ ಹೆಸರನ್ನು ನಮ್ಮ ಬೀದಿಗೆ ಇಡುವ ವಿಷಯ ಇನ್ನೂ ಬಾಕಿ. ಅದಕ್ಕೆ ಪಾಲಿಕೆ ಸಭೆಯ ನಿರ್ಣಯ ಬೇಕಂತೆ. ಮನೆಮನೆಯ ಸಹಿ ಹಾಕಿಸಿ ಮನವಿ ಕೊಟ್ಟಿದ್ದೇವೆ.