ಗಣಿತದ ಮೇಡಂಗೆ ಕೇಳಿ: ಎರಡು ಅವಿಭಾಜ್ಯಗಳ ಮೊತ್ತ

ಪೋಷಕರು, ಹಾಸನ: ಮೇಡಂ, 2ಕ್ಕಿಂತ ದೊಡ್ಡ ಯಾವುದೇ ಸಮಸಂಖ್ಯೆಯನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು ಅಂತಾಳೆ ಮಗಳು. ನಿಜವಾ?

ಮೇಡಂ: ಅದು ಗೋಲ್ಡ್‌ಬಾಕ್ ಊಹೆ. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಕಾಗದದಿಂದ ಶುರುವಾಯಿತು. ಇವತ್ತಿಗೂ ಯಾರೂ ಸಾಧಿಸಿಲ್ಲ, ಸುಳ್ಳು ಅಂತಲೂ ತೋರಿಸಿಲ್ಲ.

ಸದಸ್ಯ, ತುಮಕೂರು: 4 = 3+1 ತಾನೇ?

ಮೇಡಂ: 2+2. 1 ಅವಿಭಾಜ್ಯ ಅಲ್ಲ.

ಪಿಯು ವಿದ್ಯಾರ್ಥಿನಿ, ಶಿರಸಿ: ನಾನು ಜೋಡಿಗಳನ್ನು ಎಣಿಸಿದೆ ಮೇಡಂ. 96ಕ್ಕೆ 7, 98ಕ್ಕೆ ಬರೀ 3, 100ಕ್ಕೆ 6. ಸಂಖ್ಯೆ ದೊಡ್ಡದಾದರೆ ಜೋಡಿ ಜಾಸ್ತಿ ಆಗಬೇಕಲ್ವಾ?

ಮೇಡಂ: ಎಷ್ಟು ಚೆನ್ನಾಗಿ ಗಮನಿಸಿದ್ದೀಯ ಪುಟ್ಟಿ! ನೀನೇ ಕೂತು ಎಣಿಸಿದ್ದು ಇನ್ನೂ ಖುಷಿ. 98ನ್ನು 3ರಿಂದ ಭಾಗಿಸು, ಶೇಷ 2. 11, 17, 23ಕ್ಕೂ ಶೇಷ 2. ಇವನ್ನು 98ರಲ್ಲಿ ಕಳೆ: 87, 81, 75. ಎಲ್ಲವೂ 3ರ ಮಗ್ಗಿಯಲ್ಲಿ ಬಿದ್ದವು. ಹೀಗೆ ಸುಮಾರು ಅರ್ಧದಷ್ಟು ಅವಿಭಾಜ್ಯಗಳು ಮೊದಲೇ ಕೈಬಿಟ್ಟು ಹೋಗುತ್ತವೆ. ಉಳಿದದ್ದು 19+79, 31+67, 37+61. 96 ತಾನೇ 3ರಿಂದ ಭಾಗವಾಗುತ್ತದೆ. ಅದರಿಂದ 7 ಕಳೆದರೂ 13 ಕಳೆದರೂ 3ರ ಕಾಟ ಇಲ್ಲ. 100ಕ್ಕೆ 3ರ ಕಾಟ ಇದೆ, ಆದರೆ 5ರ ಕಾಟ ಇಲ್ಲ. 90ಕ್ಕೆ ಎರಡೂ ಇಲ್ಲ. ಎಣಿಸಿ ಹೇಳು. ಒಟ್ಟಾರೆ ಜೋಡಿಗಳು ಹೆಚ್ಚುತ್ತಾ ಹೋಗುವುದು ಕಾಣುತ್ತದೆ, ಆದರೆ ಹೀಗೆ ಏರಿಳಿಯುತ್ತಾ.

ಪೋಷಕರು, ದಾವಣಗೆರೆ: ಸಿಇಟಿಗೆ ಯಾವ ಪುಸ್ತಕ ಒಳ್ಳೆಯದು?

ಸದಸ್ಯ, ಮಂಡ್ಯ: ಫಾರ್ವರ್ಡ್: "ಗೋಲ್ಡ್‌ಬಾಕ್ ಸಾಧಿಸಿದವರಿಗೆ 10 ಲಕ್ಷ ಡಾಲರ್! ಇಂದೇ ನೋಂದಣಿ ಶುಲ್ಕ ಕಟ್ಟಿ."

ಮೇಡಂ: ಯಾರೂ ಒಂದು ರೂಪಾಯಿನೂ ಕಟ್ಟಬೇಡಿ. ಪ್ರಕಾಶಕರೊಬ್ಬರು 2000ದಲ್ಲಿ ಇಟ್ಟ ಆ ಬಹುಮಾನದ ಗಡುವು 2002ಕ್ಕೇ ಮುಗಿದಿದೆ. ಓದದೆ ಕಳಿಸಬೇಡಿ ಅಂತ ಎಷ್ಟು ಸಲ ಹೇಳಲಿ?

ಸದಸ್ಯ, ತುಮಕೂರು: ಕಂಪ್ಯೂಟರ್ 4ರ ಮುಂದೆ 18 ಸೊನ್ನೆಗಳಷ್ಟು ದೂರ ನೋಡಿದೆ. ಇನ್ನೇನು ಸಾಧಿಸೋದು?

ಸದಸ್ಯೆ, ಧಾರವಾಡ: ನೋಡಿದ್ದು ಬೇರೆ, ಸಾಧನೆ ಬೇರೆ. ಸಂಖ್ಯೆಗಳ ಅವಿಭಾಜ್ಯ ಅಪವರ್ತನಗಳ ಬಗ್ಗೆ ಗಣಿತಜ್ಞ ಪೋಲ್ಯಾ ಅವರ ಒಂದು ಊಹೆ ಇತ್ತು. 90 ಕೋಟಿವರೆಗೂ ಸರಿಯಿತ್ತು. 906150257ಕ್ಕೆ ಬಿತ್ತು.

ಸದಸ್ಯ, ತುಮಕೂರು: ಅದಕ್ಕೂ ಇದಕ್ಕೂ ಏನು ಸಂಬಂಧ? ಸುಮ್ನೆ ದೊಡ್ಡ ಹೆಸರು ಹೇಳಿ ಹೆದರಿಸಬೇಡಿ.

ಸದಸ್ಯೆ, ಧಾರವಾಡ: ಉತ್ತರ ಕೊಟ್ಟಿದ್ದೀನಿ. ಓದೋ ವ್ಯವಧಾನ ಇಲ್ಲದಿದ್ದರೆ ಕೇಳಬೇಡಿ.

ಪೋಷಕರು, ಹಾಸನ: 27 ಬರ್ತಾನೇ ಇಲ್ಲ ಮೇಡಂ.

ಮೇಡಂ: 27 ಬೆಸಸಂಖ್ಯೆ. ಎಲ್ಲ ಬೆಸಸಂಖ್ಯೆಗೂ ಎರಡು ಸಾಲದು, 27ಕ್ಕೆ ಮೂರು ಅವಿಭಾಜ್ಯ ಬೇಕು: 3+5+19. 5ಕ್ಕಿಂತ ದೊಡ್ಡ ಎಲ್ಲ ಬೆಸಸಂಖ್ಯೆಯನ್ನೂ ಹೀಗೆ ಮೂರು ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದು ಅಂತ 2013ರಲ್ಲಿ ಗಣಿತಜ್ಞ ಹೆಲ್ಫ್‌ಗಾಟ್ ಸಾಧನೆ ಮುಂದಿಟ್ಟರು.

ಸದಸ್ಯ, ಮಂಡ್ಯ: 1 ಅವಿಭಾಜ್ಯ ಅಲ್ವಾ?

ಮೇಡಂ: ಮೇಲೆ ಓದಿ.

ಪಿಯು ವಿದ್ಯಾರ್ಥಿನಿ, ಶಿರಸಿ: 90ಕ್ಕೆ 9 ಜೋಡಿ ಮೇಡಂ! 7+83ರಿಂದ 43+47ರವರೆಗೆ.