ಅಪ್ರೂವಲ್ ಪ್ಲಾನ್ ಕೈಗೆ ಬಂದಿದೆ, ಪಾಯ ತೆಗೆಸಬಹುದಾ?

ಹೊಸಮನೆ_30x40
ದಾವಣಗೆರೆಯಲ್ಲಿ 30×40 ಸೈಟು, ಎರೆಮಣ್ಣು. ಕೆಳಗೆ ನಮಗೆ ಎರಡು ಬೆಡ್‌ರೂಮ್, ಮೇಲೆ ಬಾಡಿಗೆ ಮನೆ. ಆರ್ಕಿಟೆಕ್ಟ್ ಮಾಡಿಕೊಟ್ಟ ಪ್ಲಾನ್ ಅಪ್ರೂವ್ ಆಗಿದೆ. ಇದೇ ಹಾಳೆ ಸಾಕು, ಪಾಯ ತೆಗೆದುಬಿಡೋಣ ಅಂತಿದ್ದಾರೆ ಮೇಸ್ತ್ರಿ. ಆರ್ಕಿಟೆಕ್ಟ್ ಹತ್ರ ಇನ್ನೇನು ಕೇಳಿ ತಗೋಬೇಕು? ಮೆಟ್ಟಿಲಿಗೆ 6×9 ಅಡಿ ಬಿಟ್ಟಿದ್ದಾರೆ, ಸಾಲುತ್ತಾ?

ಸೆಂಟರ್‌ಲೈನ್
ದಯವಿಟ್ಟು ತಡೀರಿ ಸರ್. ಅಪ್ರೂವಲ್ ಹಾಳೆ ಇರೋದು ಸೆಟ್‌ಬ್ಯಾಕ್ (ಮನೆ ಸುತ್ತ ಬಿಡೋ ಖಾಲಿ ಜಾಗ), ಕೋಣೆಗಳ ಅಳತೆ, ಎತ್ತರ ತೋರಿಸೋಕೆ. ಪಾಯ ಎಷ್ಟು ಆಳ, ಕಾಲಮ್‌ಗೆ ಎಷ್ಟು ಕಬ್ಬಿಣ ಅನ್ನೋದು ಅದರಲ್ಲಿ ಸಿಗಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಆಳ ಕಡಿಮೆಯಾದ ಪಾಯ ಅದರ ಜೊತೆಗೇ ಎದ್ದು ಇಳಿದು, ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತೆ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಗಟ್ಟಿ ಪದರ ಹತ್ತಿರದಲ್ಲೇ ಸಿಕ್ಕರೆ ಫುಟಿಂಗ್ (ಕಾಲಮ್ ಬುಡದ ಕಾಂಕ್ರೀಟ್ ಪಾದ) ಅಲ್ಲಿಗೇ ಇಳಿಸಬಹುದು, ಇಲ್ಲದಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದ್ರೆ ಬುಡದ ಹತ್ತಿರ ಅಗಲ ಮಾಡಿ ಆಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ. ಇದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಅಗೆದ ಎರೆಮಣ್ಣನ್ನೇ ಪ್ಲಿಂತ್ (ಮನೆ ನೆಲದ ಕೆಳಗಿನ ಕಟ್ಟೆ) ಒಳಗೆ ತುಂಬಿಸಬೇಡಿ, ಟೈಲ್ಸ್ ಎದ್ದು ಬರುತ್ತೆ.

ಕಾಲಮ್ ಗುರುತು ಹಾಕೋ ಮುಂಚೆ ಮಂಚ, ಬೀರು, ಸೋಫಾ, ಫ್ರಿಜ್ ಅಳತೆ ಸಮೇತ ಕೂರಿಸಿದ ಫರ್ನಿಚರ್ ಲೇಔಟ್ ಇರಲೇಬೇಕು. ಒಂಬತ್ತು ಇಂಚಿನ ಕಾಲಮ್ ನಾಲ್ಕೂವರೆ ಇಂಚಿನ ಗೋಡೆಯಿಂದ ಹೊರಗೆ ಬಂದೇ ಬರುತ್ತೆ. ಆ ಮೂಲೆ ವಾರ್ಡ್‌ರೋಬ್ ಒಳಗೆ ಅಡಗಬೇಕೋ ಮಂಚದ ತಲೆ ಹತ್ತಿರ ಚಾಚಿಕೊಂಡಿರಬೇಕೋ ಅನ್ನೋದು ಈಗ ನಿರ್ಧಾರ ಆಗಬೇಕು.

ಮಟ್ಟಗೋಲು
6×9 ಸಾಲಲ್ಲ. ಟೈಲ್ಸ್ ಮಟ್ಟದಿಂದ ಟೈಲ್ಸ್ ಮಟ್ಟಕ್ಕೆ 10 ಅಡಿ 6 ಇಂಚು ಅಂದುಕೊಳ್ಳಿ, 126 ಇಂಚು. ಮೆಟ್ಟಿಲಿನ ಎತ್ತರ 7 ಇಂಚಿನಂತೆ 18 ಏರು, ಒಂದು ಓಟಕ್ಕೆ (ಲ್ಯಾಂಡಿಂಗ್‌ವರೆಗಿನ ಒಂದು ಸಾಲಿಗೆ) 9. ಕಾಲಿಡುವ ಮೆಟ್ಟಿಲು 8, ತಲಾ 10 ಇಂಚು, ಅಲ್ಲಿಗೆ 6 ಅಡಿ 8 ಇಂಚು. ಲ್ಯಾಂಡಿಂಗ್ 3 ಅಡಿ ಸೇರಿಸಿದರೆ ಉದ್ದವೇ 9 ಅಡಿ 8 ಇಂಚು. 3 ಅಡಿಯ ಎರಡು ಓಟ, ನಡುವೆ ಸಂದು, ಅಗಲ 6 ಅಡಿ 3 ಇಂಚು ಬೇಕು. ಗಿಲಾಯಿ (ಪ್ಲಾಸ್ಟರಿಂಗ್) ದಪ್ಪ ಬಿಟ್ಟು ಹೇಳ್ತಿದ್ದೀನಿ.

ಇನ್ನೊಂದು ತಪ್ಪು ಎಲ್ಲ ಕಡೆ ಆಗುತ್ತೆ. ನೆಲಕ್ಕೆ ಬೆಡ್ಡು (ಟೈಲ್ಸ್ ಕೆಳಗಿನ ಕಾಂಕ್ರೀಟ್/ಗಾರೆ ಪದರ), ಟೈಲ್ಸ್ ಸೇರಿ 3 ಇಂಚು ಏರುತ್ತೆ, ಮೆಟ್ಟಿಲಿಗೆ ಗ್ರಾನೈಟ್ ಒಂದೂವರೆ ಇಂಚು ಮಾತ್ರ. ಕಾಂಕ್ರೀಟ್‌ನಲ್ಲಿ ಎಲ್ಲ 7 ಇಂಚೇ ಹಾಕಿದರೆ ಕೊನೆಗೆ ಮೊದಲ ಮೆಟ್ಟಿಲು 5.5 ಇಂಚು, ಮೇಲಿನ ಕೊನೆಯದು 8.5 ಇಂಚು. ವಯಸ್ಸಾದವರು ಎಡವೋದು ಅಲ್ಲೇ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಹೊಡೆಯುವಾಗಲೇ ಮೊದಲನೆಯದನ್ನು 8.5, ಕೊನೆಯದನ್ನು 5.5 ಇಡಿಸಿ.

ಪೈಪ್‌ಲೈನ್
ಪ್ಲಂಬಿಂಗ್, ಎಲೆಕ್ಟ್ರಿಕಲ್ ಡ್ರಾಯಿಂಗ್ ಮೊದಲ ಸ್ಲ್ಯಾಬ್‌ಗೂ ಮುಂಚೆ ಕೈಲಿರಲಿ. ಮೇಲಿನ ಮನೆಯ ಬಾತ್‌ರೂಮ್ ಸ್ಲ್ಯಾಬ್ 9ರಿಂದ 12 ಇಂಚು ತಗ್ಗಿಸಬೇಕು. ಸಮಮಟ್ಟಕ್ಕೆ ಹಾಕಿಬಿಟ್ಟರೆ ಆಮೇಲೆ ಬಾತ್‌ರೂಮ್ ನೆಲ ಎತ್ತರಿಸಬೇಕು, ಇಲ್ಲವೇ ಪೈಪು ನಿಮ್ಮ ತಲೆ ಮೇಲೆ ನೇತಾಡುತ್ತೆ. ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡದೆ ಆ ತಗ್ಗನ್ನು ತುಂಬಿಸಬೇಡಿ. ಫ್ಯಾನ್ ಬಾಕ್ಸ್ ಕೂಡ ಕಬ್ಬಿಣ ಕಟ್ಟುವಾಗಲೇ ಕೂರುತ್ತೆ.

ಹೊಸಮನೆ_30x40
ಮೇಸ್ತ್ರಿಗೆ ನಿಲ್ಲಿಸೋಕೆ ಹೇಳಿದೆ. ಆರ್ಕಿಟೆಕ್ಟ್ ಸೈಟಿಗೆ ಎಷ್ಟು ಸಲ ಬರಬೇಕು?

ಸೆಂಟರ್‌ಲೈನ್
ಸಲ ಲೆಕ್ಕ ಬೇಡ, ಹಂತ ಬರೆಸಿಕೊಳ್ಳಿ: ಸೆಂಟರ್‌ಲೈನ್ (ಗೋಡೆ, ಕಾಲಮ್‌ಗಳ ನಡುಗೆರೆ) ಗುರುತು ಹಾಕುವ ದಿನ, ಫುಟಿಂಗ್ ಕಾಂಕ್ರೀಟ್‌ಗೆ ಮುಂಚೆ, ಪ್ಲಿಂತ್ ಬೀಮ್, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ), ಪ್ರತಿ ಸ್ಲ್ಯಾಬಿನ ಹಿಂದಿನ ದಿನ. ಕಬ್ಬಿಣ ನೋಡೋಕೆ ಇಂಜಿನಿಯರ್ ಕೂಡ ಬರಲಿ. ಕಾಂಕ್ರೀಟ್ ಲಾರಿ ಬಂದು ನಿಂತ ಮೇಲೆ ಯಾರು ಬಂದರೂ ಏನೂ ತಿದ್ದೋಕಾಗಲ್ಲ.