ಬಯೋಮೆಕ್ಯಾನಿಕ್ಸ್ (ದೇಹದ ಚಲನೆ, ಬಲಗಳ ಲೆಕ್ಕ) ಎಲ್ಲಿಂದ ಶುರು ಮಾಡಲಿ? ಕಲಿತವರು ಹೇಳಿ

ಕೇಳಿದ್ದು: ಬೆಂಗಳೂರಿನಲ್ಲಿ ಮೆಕ್ಯಾನಿಕಲ್, ಮೂರನೇ ಸೆಮಿಸ್ಟರ್. ಕೃತಕ ಕಾಲು, ಕೀಲು ಮಾಡುವ ಕೆಲಸ ಇಷ್ಟ. ಆದರೆ ಪಿಯುಸಿಯಲ್ಲಿ ಪಿಸಿಎಂಸಿ, ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಅನಾಟಮಿ ಪುಸ್ತಕ ತಂದು ಎರಡೇ ವಾರಕ್ಕೆ ಸುಸ್ತಾದೆ.

ಡಿಸೈನ್ ಇಂಜಿನಿಯರ್, ಪೀಣ್ಯ: ಆ ಪುಸ್ತಕ ಸದ್ಯಕ್ಕೆ ಮುಚ್ಚಿಡಿ. ನಾನೂ 206 ಮೂಳೆಗಳ ಹೆಸರು ಉರು ಹೊಡೆಯಲು ಹೋಗಿ ಒಂದು ರಜೆ ಪೂರ್ತಿ ಕಳೆದಿದ್ದೇನೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೋಟ್ಸ್ ತೆಗೆಯಿರಿ. ಮೊಣಕೈ ಮಡಚಿ, ಅಂಗೈ ಮೇಲೆ 5 ಕೆಜಿ ಅಕ್ಕಿ ಚೀಲ ಇಟ್ಟುಕೊಳ್ಳಿ. ಮೊಣಕೈಯಿಂದ ಅಂಗೈಗೆ 32 ಸೆಂಮೀ ಅಂದುಕೊಳ್ಳಿ. ತೋಳಿನ ಮುಂದಿನ ಸ್ನಾಯು ಬೈಸೆಪ್ಸ್ ಅಂಟಿರುವುದು ಮೊಣಕೈಯಿಂದ ಬರೀ 4 ಸೆಂಮೀ ದೂರದಲ್ಲಿ. ಮೊಮೆಂಟ್ (ಬಲ ಗುಣಿಸು ಕೀಲಿನಿಂದ ದೂರ) ಹಾಕಿ: ಸ್ನಾಯು 40 ಕೆಜಿಯಷ್ಟು ಎಳೆಯಬೇಕು, ಕೈಯ ತೂಕ ಲೆಕ್ಕಕ್ಕೆ ಹಿಡಿಯದೇ! ದಡ್ಡ ಡಿಸೈನ್ ಅನ್ನಿಸುತ್ತೆ, ಅಲ್ವಾ? ಆದರೆ ಸ್ನಾಯು 1 ಸೆಂಮೀ ಕುಗ್ಗಿದರೆ ಅಂಗೈ 8 ಸೆಂಮೀ ಏಳುತ್ತದೆ. ಬಲ ಕೊಟ್ಟು ವೇಗ ಕೊಂಡ ವ್ಯಾಪಾರ ಅದು.

ಎಂಟೆಕ್ ಓದುತ್ತಿರುವವಳು, ಜಯನಗರ: ನನಗೆ ಕಲಿಸಿದ್ದು ನಮ್ಮಜ್ಜಿಯ ಊರುಗೋಲು. ಬಲ ಸೊಂಟದ ಕೀಲು ನೋವು, ಕೋಲೂ ಬಲಗೈಯಲ್ಲೇ. ಫಿಸಿಯೋದವರು ಎಡಗೈಗೆ ಕೊಟ್ಟರು. ಅಜ್ಜಿ ನಂಬಲಿಲ್ಲ, ನಾನೂ ನಂಬಲಿಲ್ಲ. ಮನೆಗೆ ಬಂದು ಫ್ರೀ ಬಾಡಿ ಡಯಾಗ್ರಾಮ್, ಅಂದರೆ ಬಲಗಳನ್ನೆಲ್ಲ ಬಾಣಗಳಲ್ಲಿ ತೋರಿಸುವ ಚಿತ್ರ, ಬರೆದೆ. ಬಲಗಾಲಿನ ಮೇಲೆ ನಿಂತಾಗ ದೇಹದ ತೂಕ ಎಡಕ್ಕೆ ವಾಲಿಸುತ್ತದೆ. ಅದನ್ನು ತಡೆಯುವ ಸ್ನಾಯು ಕೀಲಿನ ಹೊರಬದಿಯಲ್ಲಿದೆ. ಅದರ ಮೊಮೆಂಟ್ ಆರ್ಮ್ (ಕೀಲಿನಿಂದ ಬಲದ ಗೆರೆಗಿರುವ ದೂರ) ತೂಕದ ಆರ್ಮ್‌ನ ಅರ್ಧದಷ್ಟು, ಹಾಗಾಗಿ ಎರಡು ಪಟ್ಟು ಎಳೆಯಬೇಕು. ಸ್ನಾಯುವಿನ ಎಳೆತ, ಮೇಲಿನ ತೂಕ (ನಿಂತ ಕಾಲಿನದು ಬಿಟ್ಟು) ಎರಡೂ ಸೇರಿ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. ಎಡಗೈಯ ಕೋಲು ಆ ಕೀಲಿನಿಂದ ತುಂಬಾ ದೂರ. ಸ್ವಲ್ಪ ಊರಿದರೂ ಸ್ನಾಯುವಿನ ಕೆಲಸ ಎಷ್ಟೋ ತಗ್ಗುತ್ತದೆ. ನೀವೇ ಬರೆದು ನೋಡಿ. ಸ್ನಾಯುಗಳ ಹೆಸರು ಬೇಕಾದಾಗ ತಾನಾಗೇ ಬರುತ್ತವೆ.

ಕೈಸುಟ್ಟುಕೊಂಡವನು, ವಿಜಯನಗರ: ಮೊಬೈಲ್ ವಿಡಿಯೋದಿಂದ ಮಂಡಿಯ ಕೋನ ಅಳೆಯಲು ಕಿನೋವಿಯಾ ಅಂತ ಉಚಿತ ಸಾಫ್ಟ್‌ವೇರ್ ಇದೆ. ಗೆಳೆಯ ಮೆಟ್ಟಿಲು ಹತ್ತುವುದನ್ನು ಓರೆಯಾಗಿ ನಿಂತು ಶೂಟ್ ಮಾಡಿದೆ. ಕೋನಗಳೆಲ್ಲ ತಪ್ಪು, ರಿಪೋರ್ಟ್ ವಾಪಸ್. ಕ್ಯಾಮೆರಾ ನೇರ ಪಕ್ಕದಲ್ಲೇ ಇರಬೇಕು ಗುರು. ಓಪನ್‌ಸಿಮ್‌ಗೆ (ಮೂಳೆ-ಸ್ನಾಯುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಈಗಲೇ ಕೈ ಹಾಕಬೇಡಿ. ಕೈಲೆಕ್ಕ ಬರದಿದ್ದರೆ ಅದು ಕೊಡುವ ಉತ್ತರ ಸರಿಯೋ ತಪ್ಪೋ ಗೊತ್ತಾಗಲ್ಲ.

ಮೆಟೀರಿಯಲ್ಸ್ ಕಡೆಯವನು: ಗಟ್ಟಿ ಮೂಳೆಯ ಯಂಗ್ಸ್ ಮಾಡ್ಯುಲಸ್ (ಎಷ್ಟು ಬಾಗದೆ, ಹಿಗ್ಗದೆ ನಿಲ್ಲುತ್ತದೆ ಅನ್ನುವ ಅಳತೆ) 20 ಗಿಗಾಪ್ಯಾಸ್ಕಲ್‌ನ ಆಸುಪಾಸು, ಸ್ಟೀಲ್‌ನದು 200. ಒಳಗೆ ಕೂರಿಸಿದ ಸ್ಟೀಲೇ ಭಾರವೆಲ್ಲ ಹೊತ್ತರೆ ಪಕ್ಕದ ಮೂಳೆ ಸುಮ್ನೆ ಕೂತು ಸವೆಯುತ್ತದೆ. ಇಂಪ್ಲಾಂಟ್ ಆಸೆ ಇದ್ದರೆ ಇದನ್ನು ಓದಿ. ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಓಪನ್ ಡೇಗೆ ಹೋದಾಗ ಬಯೋ ಇಂಜಿನಿಯರಿಂಗ್ ವಿಭಾಗಕ್ಕೆ ಮೊದಲು ನುಗ್ಗಿ. ಮಧ್ಯಾಹ್ನವಾದರೆ ಜಾತ್ರೆ.

ಕೇಳಿದವನು: ಅಕ್ಕಾ, ಕೋಲಿನ ಲೆಕ್ಕ ಬಿಡಿಸಿದೆ. ಮೊದಲ ಸಲ ಕೋಲೇ ಅಜ್ಜಿಯನ್ನು ಕೆಳಗೆ ಎಳೆಯುತ್ತಿತ್ತು, ಬಾಣದ ಗುರುತು ಉಲ್ಟಾ. ಈಗ ಸರಿ ಬಂತು. ಚಿತ್ರ ಹಾಕುತ್ತೇನೆ, ತಿದ್ದಿಕೊಡಿ.